ಉದ್ಯೋಗ ಅಪಘಾತ ಪರಿಹಾರ

ಉದ್ಯೋಗ ಅಪಘಾತ ಪರಿಹಾರ ಎಂದರೆ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆದ ಅಪಘಾತದಿಂದಾಗಲಿ ಕೆಲಸದ ಸ್ವರೂಪದಿಂದಲೇ ತಗುಲಿದ ಕಾಯಿಲೆಯಿಂದಾಗಲಿ ನೌಕರನಿಗೆ ಅಸಮರ್ಥತೆ ಅಥವಾ ಸಾವು ಉಂಟಾದಾಗ, ಅವನಿಗೆ ಇಲ್ಲವೆ ಅವನ ಅವಲಂಬಿತರಿಗೆ ಕಾನೂನಿನಂತೆ ಸಲ್ಲಬೇಕಾದ ಹಣ. ಮಾಲೀಕನ ತಪ್ಪನ್ನು ಸಾಬೀತುಮಾಡದೆಯೇ ಈ ಹಣವನ್ನು ಕೇಳಬಹುದು. ಆದರೆ ಅದರ ಮೊತ್ತವನ್ನು ಕಾನೂನು ಒಂದು ಲೆಕ್ಕದೊಳಗೆ ಕಟ್ಟಿಹಾಕಿದೆ. ಭಾರತದಲ್ಲಿ ಈ ಹಕ್ಕು ನೂರು ವರ್ಷಗಳ ಕಾಲ ಮುಖ್ಯವಾಗಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ (2010ರಿಂದ ನೌಕರರ ಪರಿಹಾರ ಕಾಯ್ದೆ) ಮತ್ತು 1948ರ ನೌಕರರ ರಾಜ್ಯ ವಿಮಾ ಕಾಯ್ದೆಗಳ ಮೇಲೆ ನಿಂತಿತ್ತು. 2025ರ ನವೆಂಬರ್ 21ರಿಂದ ಈ ಎರಡರ ವಿಷಯವೂ ಸಾಮಾಜಿಕ ಭದ್ರತಾ ಸಂಹಿತೆ, 2020ರೊಳಗೆ ಸೇರಿದೆ. ಈ ಲೇಖನದಲ್ಲಿ ‘ಅಂಗವೈಕಲ್ಯ’ ಎಂಬುದನ್ನು ದೇಹಕ್ಕಾದ ಊನಕ್ಕೂ ‘ಅಸಮರ್ಥತೆ’ ಎಂಬುದನ್ನು ಗಳಿಕೆಯ ಸಾಮರ್ಥ್ಯಕ್ಕಾದ ನಷ್ಟಕ್ಕೂ ಬಳಸಿದೆ. ಕಾನೂನಿನ ವಿಧಿಯನ್ನು ‘ಕಲಂ’ ಎಂದು ಕರೆದಿದೆ; ಬೇರೆ ಹೇಳದ ಕಡೆ ಕಲಂ, ಅನುಸೂಚಿ, ಮೊತ್ತ, ಕ್ರಮಗಳು 1923ರ ಕಾಯ್ದೆಯವು.

ಹುಟ್ಟು ಮತ್ತು ಬೆಳವಣಿಗೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾನೂನಿನಲ್ಲಿ ಗಾಯಗೊಂಡ ಕೆಲಸಗಾರ ಮಾಲೀಕನ ಮೇಲೆ ದಾವೆ ಹೂಡಬಹುದಿತ್ತು, ಗೆಲ್ಲುವುದು ಮಾತ್ರ ಅಪರೂಪವಾಗಿತ್ತು. ಮಾಲೀಕನ ಕೈಯಲ್ಲಿ ಮೂರು ರಕ್ಷಣೆಗಳಿದ್ದವು. ಅಪಾಯ ತಿಳಿದೇ ಕೆಲಸಕ್ಕೆ ಬಂದಿದ್ದಾನೆ ಎಂಬುದು ಒಂದು, ಅವನದೇ ಅಜಾಗರೂಕತೆ ಇದೆ ಎಂಬುದು ಇನ್ನೊಂದು, ಗಾಯಕ್ಕೆ ಕಾರಣ ಜೊತೆಯ ಕೆಲಸಗಾರನೇ ಹೊರತು ಮಾಲೀಕನಲ್ಲ ಎಂಬುದು ಮೂರನೆಯದು. ಈ ಮೂರನೆಯದು 1837ರಲ್ಲಿ ಮಾಂಸದಂಗಡಿಯ ಆಳೊಬ್ಬ ಗಾಡಿ ಮುರಿದು ಗಾಯಗೊಂಡ ಮೊಕದ್ದಮೆಯಿಂದ ಬೆಳೆದದ್ದು. ಗಿರಣಿ, ಗಣಿ, ರೈಲು ಹೆಚ್ಚಿದಂತೆ ಈ ತರ್ಕ ನಿಲ್ಲದಾಯಿತು. ನೂರಾರು ಜನ ಒಟ್ಟಿಗೆ ದುಡಿಯುವಲ್ಲಿ ಬಹುಪಾಲು ಅಪಘಾತಗಳಿಗೆ ಯಾವನೋ ಜೊತೆಗಾರ ಕಾರಣನಾಗಿಯೇ ಇರುತ್ತಾನೆ. ಜರ್ಮನಿ 1884ರಲ್ಲಿ ಕಡ್ಡಾಯ ಅಪಘಾತ ವಿಮೆಯನ್ನು ತಂದಿತು. ಬ್ರಿಟನ್ 1897ರಲ್ಲಿ ತಪ್ಪಿನ ಪ್ರಶ್ನೆಯನ್ನೇ ಕೈಬಿಟ್ಟು ಪರಿಹಾರದ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಭಾರತ ಹಿಡಿದದ್ದು ಎರಡನೆಯ ದಾರಿಯನ್ನು.

ಅದಕ್ಕೆ ಮೊದಲು ಇಲ್ಲಿದ್ದದ್ದು 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ. ಸತ್ತವನ ಕುಟುಂಬ ಅದರಡಿ ಸಿವಿಲ್ ದಾವೆ ಹೂಡಬೇಕಿತ್ತು, ಎದುರು ಪಕ್ಷದ ತಪ್ಪನ್ನು ತೋರಿಸಲೇಬೇಕಿತ್ತು. ಕಾರ್ಮಿಕರ ಪರಿಹಾರ ಕಾಯ್ದೆ 1923ರ ಮಾರ್ಚ್‌ನಲ್ಲಿ ಅಂಗೀಕಾರವಾಗಿ 1924ರ ಜುಲೈ 1ರಿಂದ ಜಾರಿಗೆ ಬಂತು. 1938ರ ಮಾಲೀಕರ ಹೊಣೆಗಾರಿಕೆ ಕಾಯ್ದೆ, ಜೊತೆ ಕೆಲಸಗಾರನ ತಪ್ಪೆಂಬ ರಕ್ಷಣೆಯನ್ನು ಸಿವಿಲ್ ದಾವೆಗಳಲ್ಲೂ ಕಿತ್ತುಹಾಕಿತು. ಸ್ವಾತಂತ್ರ್ಯದ ನಂತರ ವಿಮಾ ಮಾದರಿಯೂ ಸೇರಿಕೊಂಡಿತು. ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ಇಎಸ್‌ಐ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾಗಿ 1958ರಲ್ಲಿ ಬೆಂಗಳೂರಿಗೆ ಬಂತು.

1923ರ ಕಾಯ್ದೆಗೆ ಹಲವು ತಿದ್ದುಪಡಿಗಳಾದವು. 1984ರಲ್ಲಿ ಸಂಬಳ ಮತ್ತು ವಯಸ್ಸನ್ನು ಆಧರಿಸಿದ ಇಂದಿನ ಲೆಕ್ಕದ ಕ್ರಮ ಬಂತು. 2000ದಲ್ಲಿ ದಿನಗೂಲಿಯಂಥ ಸಾಂದರ್ಭಿಕ ಕೆಲಸಗಾರರನ್ನು ಹೊರಗಿಡುತ್ತಿದ್ದ ಮಾತು ಬಿದ್ದುಹೋಯಿತು. ದೊಡ್ಡ ಬದಲಾವಣೆ 2009ರ ತಿದ್ದುಪಡಿಯದು: ಹೆಸರು ಬದಲಾಯಿತು, ಗುಮಾಸ್ತರೂ ಒಳಗೆ ಬಂದರು, ಕನಿಷ್ಠ ಮೊತ್ತಗಳು ಏರಿದವು, ಚಿಕಿತ್ಸೆಯ ಪೂರ್ತಿ ವೆಚ್ಚ ಮಾಲೀಕನದಾಯಿತು. ಇದು 2010ರ ಜನವರಿ 18ರಿಂದ ಜಾರಿಗೆ ಬಂತು. ಪರಿಹಾರದ ಹಕ್ಕಿನ ಬಗ್ಗೆ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ನೌಕರನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ಬರವಣಿಗೆಯಲ್ಲಿ ತಿಳಿಸಬೇಕೆಂಬ ಕರ್ತವ್ಯವನ್ನು 2017ರ ತಿದ್ದುಪಡಿ ಹೇರಿತು. ತಪ್ಪಿದರೆ ದಂಡ 50,000 ರೂಪಾಯಿಯಿಂದ 1 ಲಕ್ಷದವರೆಗೆ.

ಯಾರಿಗೆ ಅನ್ವಯ

ಕಾಯ್ದೆಯ ಎರಡನೆಯ ಅನುಸೂಚಿ ಯಾವ ಕೆಲಸಗಳು ಇದರೊಳಗೆ ಬರುತ್ತವೆ ಎಂಬುದರ ಪಟ್ಟಿ. ಕಾರ್ಖಾನೆ, ಗಣಿ, ಕಟ್ಟಡ ಮತ್ತು ರಸ್ತೆ ಕಾಮಗಾರಿ, ವಾಹನ ಚಾಲನೆ, ವಿದ್ಯುತ್ ಮಾರ್ಗದ ಕೆಲಸ, ಕಾಫಿ, ಚಹಾ, ರಬ್ಬರ್ ತೋಟಗಳು ನಿರೀಕ್ಷಿತವೇ. ಇವುಗಳ ಜೊತೆಗೆ ಆನೆಗಳನ್ನು ಪಳಗಿಸಿ ನೋಡಿಕೊಳ್ಳುವವರು, ತಾಳೆ ಜಾತಿಯ ಮರದಿಂದ ರಸ ಇಳಿಸುವವರು, ಮರ ಕಡಿಯುವವರು, ಕಾಡ್ಗಿಚ್ಚು ಆರಿಸುವವರು, ಕೊಳವೆಬಾವಿ ದುರಸ್ತಿ ಮಾಡುವವರು, ಹೊಲದಲ್ಲಿ ಕೀಟನಾಶಕ ಸಿಂಪಡಿಸುವವರು ಕೂಡ ಹೆಸರಿಟ್ಟು ಸೇರಿದ್ದಾರೆ. ಬೇಸಾಯದ ಮಟ್ಟಿಗೆ ಕಾಯ್ದೆಯ ಗೆರೆ ಯಂತ್ರದ ಮೇಲೆ ಬೀಳುತ್ತದೆ. ಟ್ರ್ಯಾಕ್ಟರ್ ಅಥವಾ ವಿದ್ಯುತ್ ಯಂತ್ರದಿಂದ ನಡೆಯುವ ಸಾಗುವಳಿ ಒಳಗೆ, ನೇಗಿಲು ಕುಡುಗೋಲಿನ ಕೂಲಿ ಹೊರಗೆ. ಮನೆಗೆಲಸದವರು ಪಟ್ಟಿಯಲ್ಲಿಲ್ಲ. ಗ್ರಾಮೀಣ ದುಡಿಮೆಯ ದೊಡ್ಡ ಪಾಲು ಹೀಗೆ ಈ ಕಾನೂನಿನ ಅಂಚಿನಲ್ಲಿಯೇ ಉಳಿದಿದೆ.

ಗುತ್ತಿಗೆ ಕೆಲಸಕ್ಕೆ 12ನೇ ಕಲಂ ಮುಖ್ಯವಾದುದು. ಮಾಲೀಕ ತನ್ನ ಉದ್ಯಮದ ಭಾಗವಾದ ಕೆಲಸವನ್ನು ಮೇಸ್ತ್ರಿಗೋ ಗುತ್ತಿಗೆದಾರನಿಗೋ ವಹಿಸಿದ್ದರೂ ಪರಿಹಾರ ಕೊಡುವ ಹೊಣೆ ಮೂಲ ಮಾಲೀಕನದೇ. ಆತ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಗುತ್ತಿಗೆದಾರ ಊರು ಬಿಟ್ಟು ಹೋದ ಎಂಬ ಉತ್ತರ ಇದರಿಂದಾಗಿ ಸಲ್ಲದು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಊರ್ಜಿತವಲ್ಲ. ಭಾರತದಲ್ಲಿ ನೋಂದಣಿಯಾದ ಕಂಪನಿ ಇಲ್ಲಿಂದ ನೇಮಿಸಿ ವಿದೇಶಕ್ಕೆ ಕಳಿಸಿದ, ಎರಡನೆಯ ಅನುಸೂಚಿಯ ಕೆಲಸ ಮಾಡುವವರಿಗೂ ಕಾಯ್ದೆ ಅನ್ವಯಿಸುತ್ತದೆ. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋಗಿ ಅಲ್ಲಿನ ಕಂಪನಿಯಲ್ಲೇ ದುಡಿಯುವವರು ಮಾತ್ರ ಆಯಾ ದೇಶದ ಕಾನೂನಿಗೆ ಒಳಪಟ್ಟವರು.

ಹೊಣೆಯ ಆಧಾರ

ಮೂರನೆಯ ಕಲಂ ಎರಡು ಷರತ್ತುಗಳನ್ನು ಒಟ್ಟಿಗೆ ಇಡುತ್ತದೆ. ಅಪಘಾತ ಕೆಲಸದ ಅವಧಿಯಲ್ಲಿ ಆಗಿರಬೇಕು, ಮತ್ತು ಕೆಲಸದ ಕಾರಣದಿಂದ ಆಗಿರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಸಾಲದು. ಕರ್ನಾಟಕದ ಪ್ರಕರಣವೊಂದರಲ್ಲಿ ಪ್ರಯಾಣಿಕರನ್ನು ದೇವಸ್ಥಾನಕ್ಕೆ ಕರೆದೊಯ್ದಿದ್ದ ಚಾಲಕ, ಅವರಿಗಾಗಿ ಕಾಯುತ್ತ ಕೊಳದ ಮೆಟ್ಟಿಲ ಬಳಿ ಇದ್ದಾಗ ಜಾರಿ ನೀರಿಗೆ ಬಿದ್ದು ಸತ್ತಿದ್ದ. ಸಮಯದ ಷರತ್ತು ಪೂರೈಸಿದರೂ ಸಾವಿಗೂ ಚಾಲನೆಗೂ ಸಂಬಂಧವಿಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಪರಿಹಾರ ನಿರಾಕರಿಸಿತು. ಹೃದಯಾಘಾತದ ಸಾವುಗಳಲ್ಲಿಯೂ ಇದೇ ಪರೀಕ್ಷೆ: ಕೆಲಸದ ಒತ್ತಡ ಅಥವಾ ಶ್ರಮ ಅದಕ್ಕೆ ಕಾರಣವಾಯಿತೆಂದು ಸಾಕ್ಷ್ಯ ತೋರಬೇಕು. ಕೆಲಸದಲ್ಲಿದ್ದಾಗ ಸತ್ತ ಎಂಬಷ್ಟು ಸಾಲದು.

ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಿ ಆದ ಅಪಘಾತದ ಪ್ರಶ್ನೆಗೆ ಉತ್ತರ ಸಿಗಲು ಅರವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. 1958ರ ಸೌರಾಷ್ಟ್ರ ಸಾಲ್ಟ್ ಪ್ರಕರಣದಲ್ಲಿ, ಉಪ್ಪಿನ ಕೆಲಸ ಮುಗಿಸಿ ದೋಣಿಯಲ್ಲಿ ಮನೆಗೆ ಮರಳುತ್ತಿದ್ದವರು ಮುಳುಗಿ ಸತ್ತಾಗ ಪರಿಹಾರ ದೊರೆಯಲಿಲ್ಲ. ಕೆಲಸದ ಜಾಗದ ಅಂಚನ್ನು ಒಂದಿಷ್ಟು ಹಿಗ್ಗಿಸಬಹುದು, ಆದರೆ ಸಾರ್ವಜನಿಕ ದಾರಿಯವರೆಗೆ ಅಲ್ಲ ಎಂದಿತು ಸುಪ್ರೀಂ ಕೋರ್ಟ್. 1963ರಲ್ಲಿ ಮುಂಬಯಿಯ ಬೆಸ್ಟ್ ಸಂಸ್ಥೆಯ ಬಸ್ ಚಾಲಕ ಕೆಲಸ ಮುಗಿಸಿ ಅದೇ ಸಂಸ್ಥೆಯ ಇನ್ನೊಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಸತ್ತ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪರಿಹಾರ ಒಪ್ಪಿತು. ಆ ಪ್ರಯಾಣವೇ ಸೇವೆಯ ಭಾಗವೆಂದು ಪರಿಗಣಿಸಿತು. 1996ರಲ್ಲಿ, ಸೈಕಲ್ಲಿನಲ್ಲಿ ಕಾರ್ಖಾನೆಗೆ ಬರುತ್ತಿದ್ದವನಿಗೆ ಲಾರಿ ಬಡಿದಾಗ ಮತ್ತೆ ನಿರಾಕರಣೆ. ಆಮೇಲೆ 2010ರಲ್ಲಿ ಇಎಸ್‌ಐ ಕಾಯ್ದೆಗೆ 51ಇ ಕಲಂ ಸೇರಿ, ದಾರಿಯ ಅಪಘಾತಕ್ಕೂ ಉದ್ಯೋಗಕ್ಕೂ ಸಮಯ, ಸ್ಥಳ, ಸಂದರ್ಭಗಳ ನಂಟಿದ್ದರೆ ಅದು ಉದ್ಯೋಗದ ಗಾಯವೇ ಎಂದಾಯಿತು. ಈ ಕಲಂ ಇರುವ ಅರ್ಥವನ್ನೇ ಸ್ಪಷ್ಟಪಡಿಸುವಂಥದ್ದು, ಆದ್ದರಿಂದ 1923ರ ಕಾಯ್ದೆಯ ಪ್ರಕರಣಗಳಿಗೂ ಸಲ್ಲುತ್ತದೆ ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಪ್ರಕರಣ ಸಕ್ಕರೆ ಕಾರ್ಖಾನೆಯ ಕಾವಲುಗಾರನದು. ನಸುಕಿನ ಪಾಳಿಗೆ ಹೊರಟವನು 2003ರಲ್ಲಿ ದಾರಿಯಲ್ಲಿ ಸತ್ತಿದ್ದ; ಕುಟುಂಬದ ಹಕ್ಕು ನಿಶ್ಚಯವಾದದ್ದು ಇಪ್ಪತ್ತೆರಡು ವರ್ಷದ ಮೇಲೆ.

ಮಾಲೀಕನಿಗೆ ಉಳಿದಿರುವ ರಕ್ಷಣೆಗಳು ಕಡಿಮೆ. ಅಸಮರ್ಥತೆ ಮೂರು ದಿನ ಮೀರದಿದ್ದರೆ ಹೊಣೆಯಿಲ್ಲ. ನೌಕರ ಕುಡಿದಿದ್ದರೆ ಅಥವಾ ಅಮಲು ಪದಾರ್ಥದ ಪ್ರಭಾವದಲ್ಲಿದ್ದರೆ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದಿದ್ದರೆ ಹೊಣೆ ತಪ್ಪುತ್ತದೆ. ಈ ಕೊನೆಯ ಮೂರು ಕಾರಣಗಳು ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆಯ ಪ್ರಕರಣಗಳಲ್ಲಿ ಸಲ್ಲವು. ಬರೀ ಅಜಾಗರೂಕತೆ ಯಾವ ಹಂತದಲ್ಲೂ ರಕ್ಷಣೆಯಲ್ಲ.

ಅಸಮರ್ಥತೆಯ ವಿಧಗಳು

ಅಸಮರ್ಥತೆ ತಾತ್ಕಾಲಿಕವಾಗಿರಬಹುದು, ಶಾಶ್ವತವಾಗಿರಬಹುದು. ಎರಡರಲ್ಲೂ ಭಾಗಶಃ, ಪೂರ್ಣ ಎಂಬ ಬಗೆಗಳಿವೆ. ಒಂದನೆಯ ಅನುಸೂಚಿ ಶಾಶ್ವತ ಗಾಯಗಳಿಗೆ ಶೇಕಡಾವಾರು ನಿಗದಿಮಾಡುತ್ತದೆ. ಎರಡೂ ಕೈ ಹೋದರೆ, ಎರಡೂ ಕಿವಿ ಪೂರ್ತಿ ಕೇಳದಾದರೆ, ಮುಖ ತೀವ್ರವಾಗಿ ವಿಕಾರಗೊಂಡರೆ 100. ಭುಜದ ಕೀಲಿನಲ್ಲೇ ತೋಳು ಕತ್ತರಿಸಿದರೆ 90, ಒಂದು ಕೈ ಹೋದರೆ 60, ಒಂದು ಕೈಯ ನಾಲ್ಕು ಬೆರಳಿಗೆ 50, ಹೆಬ್ಬೆರಳಿಗೆ 30, ತೋರುಬೆರಳಿಗೆ 14, ಉಂಗುರ ಅಥವಾ ಕಿರುಬೆರಳಿಗೆ 7. ಪ್ರೆಸ್ ಯಂತ್ರ, ಕಬ್ಬಿನ ಗಾಣ, ಮರ ಸೀಳುವ ಗರಗಸಗಳ ಗಾಯಗಳು ಹೆಚ್ಚಾಗಿ ಈ ಪಟ್ಟಿಯೊಳಗೇ ಬರುವುದರಿಂದ ಅವುಗಳ ಲೆಕ್ಕ ಸರಳ.

ಕಷ್ಟವಿರುವುದು ಪಟ್ಟಿಯಲ್ಲಿಲ್ಲದ ಗಾಯಗಳಲ್ಲಿ: ಬೆನ್ನುಮೂಳೆ, ಸೊಂಟ, ತೊಡೆಯೆಲುಬಿನ ಮುರಿತ, ತಲೆಗೆ ಬಿದ್ದ ಪೆಟ್ಟು. ಇಲ್ಲಿ ಅರ್ಹ ವೈದ್ಯರು ಅಳೆಯಬೇಕಾದ್ದು ಅಂಗವೈಕಲ್ಯವನ್ನಲ್ಲ, ಗಳಿಕೆಯ ಸಾಮರ್ಥ್ಯದ ನಷ್ಟವನ್ನು. ಕಾಲು ಕುಂಟಾದ ಗುಮಾಸ್ತ ಮತ್ತು ಕಾಲು ಕುಂಟಾದ ಹಮಾಲಿಯ ಅಂಗವೈಕಲ್ಯ ಒಂದೇ ಆಗಿರಬಹುದು, ಅಸಮರ್ಥತೆ ಬೇರೆ. ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳ ಪೀಠ 1975ರಲ್ಲಿ ಇತ್ಯರ್ಥಪಡಿಸಿದ ಪ್ರಕರಣದಲ್ಲಿ, ಒಡಿಶಾದ ಜೇಪೋರ್‌ನ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದ ಬಡಗಿ ಬಿದ್ದು ಎಡಗೈಯನ್ನು ಮೊಣಕೈಯ ಮೇಲೆ ಕಳೆದುಕೊಂಡಿದ್ದ. ಪಟ್ಟಿಯ ಪ್ರಕಾರ ಅದು ಭಾಗಶಃ ಅಸಮರ್ಥತೆ. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲದ ಕಾರಣ ಅದನ್ನು ಪೂರ್ಣ ಅಸಮರ್ಥತೆ ಎಂದು ನ್ಯಾಯಾಲಯ ಒಪ್ಪಿತು. ಚಾಲಕರ ಪ್ರಕರಣಗಳಲ್ಲಿ ಇಂದಿಗೂ ಹೆಚ್ಚು ಉಲ್ಲೇಖವಾಗುವ ತೀರ್ಪು ಇದು.

ಔದ್ಯೋಗಿಕ ಕಾಯಿಲೆಗಳು

ಮೂರನೆಯ ಅನುಸೂಚಿ ಕಾಯಿಲೆಗಳದು. ಸೀಸದ ವಿಷ, ಶಬ್ದದಿಂದ ಬರುವ ಕಿವುಡು, ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್, ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಕಲ್ನಾರಿನಿಂದ ಬರುವ ಆಸ್ಬೆಸ್ಟೋಸಿಸ್ ಇದರಲ್ಲಿವೆ. ಪಟ್ಟಿಯ ಕಾಯಿಲೆ, ಪಟ್ಟಿ ಹೇಳುವ ಕೆಲಸದಲ್ಲಿದ್ದವನಿಗೆ ಬಂದರೆ ಅದನ್ನು ಅಪಘಾತದ ಗಾಯವೆಂದೇ ಪರಿಗಣಿಸಬೇಕು. ಕೋಲಾರದ ಚಿನ್ನದ ಗಣಿಗಳು ಈ ವಿಷಯದಲ್ಲಿ ದೇಶದ ಮೊದಲ ಪಾಠಶಾಲೆಯಾದವು. 1940ರ ದಶಕದಲ್ಲಿ ಅಲ್ಲಿನ ಗಣಿಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಈ ಕಾಯಿಲೆ ವರ್ಷಗಳ ಮೇಲೆ ತಲೆಯೆತ್ತುತ್ತದೆ, ಕ್ಷಯವೆಂದು ತಪ್ಪಾಗಿ ಗುರುತಿಸಲ್ಪಡುತ್ತದೆ, ಅಷ್ಟರಲ್ಲಿ ಕೆಲಸಗಾರ ಹಲವು ಕ್ವಾರಿಗಳನ್ನು ದಾಟಿರುತ್ತಾನೆ. ಯಾವ ಮಾಲೀಕನ ಮೇಲೆ ಅರ್ಜಿ ಹಾಕಬೇಕೆಂಬುದೇ ಅಲ್ಲಿ ಮೊದಲ ತೊಡಕು.

ಮೊತ್ತದ ಲೆಕ್ಕ

ಲೆಕ್ಕಕ್ಕೆ ಬೇಕಾದ ಅಂಕಿಗಳು ಮಾಸಿಕ ವೇತನ, ವಯಸ್ಸು, ಅಸಮರ್ಥತೆಯ ಶೇಕಡಾವಾರು. ನಾಲ್ಕನೆಯ ಅನುಸೂಚಿ ಪ್ರತಿ ವಯಸ್ಸಿಗೂ ಒಂದು ಗುಣಕ ಕೊಡುತ್ತದೆ: 16 ಮೀರದಿದ್ದರೆ 228.54, 25ಕ್ಕೆ 216.91, 40ಕ್ಕೆ 184.17, 50ಕ್ಕೆ 153.09, 65 ಮತ್ತು ಮೇಲ್ಪಟ್ಟು 99.37. ಸಾವಿಗೆ ವೇತನದ ಶೇ. 50 ಗುಣಕದಿಂದ ಗುಣಿಸಲ್ಪಡುತ್ತದೆ, ಕನಿಷ್ಠ 1,20,000 ರೂಪಾಯಿ. ಶಾಶ್ವತ ಪೂರ್ಣ ಅಸಮರ್ಥತೆಗೆ ವೇತನದ ಶೇ. 60, ಕನಿಷ್ಠ 1,40,000. ಭಾಗಶಃ ಅಸಮರ್ಥತೆಗೆ ಪೂರ್ಣ ಮೊತ್ತದಲ್ಲಿ ಆಯಾ ಶೇಕಡಾವಾರು. ತಾತ್ಕಾಲಿಕ ಅಸಮರ್ಥತೆಗೆ ಹದಿನೈದು ದಿನಕ್ಕೊಮ್ಮೆ ಮಾಸಿಕ ವೇತನದ ಶೇ. 25, ಗರಿಷ್ಠ ಐದು ವರ್ಷ. ಸಾವಿನ ಪ್ರಕರಣದಲ್ಲಿ ಅಂತ್ಯಕ್ರಿಯೆಗೆ ಕನಿಷ್ಠ 5,000.

ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ ಮಿತಿಯಿದೆ. 1984ರಲ್ಲಿ ಅದು 1,000 ರೂಪಾಯಿ ಇತ್ತು. 1995ರಲ್ಲಿ 2,000, 2000ದಲ್ಲಿ 4,000, 2010ರ ಮೇ 31ರಿಂದ 8,000, 2020ರ ಜನವರಿ 3ರಿಂದ 15,000 ಆಯಿತು. ಉದಾಹರಣೆಗೆ, 40 ವರ್ಷದ, ತಿಂಗಳಿಗೆ 22,000 ಗಳಿಸುವ ಕೆಲಸಗಾರ ಸತ್ತರೆ ಲೆಕ್ಕ 15,000ದ ಮೇಲೆಯೇ: 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಅವನೇ ಬದುಕುಳಿದು ಪೂರ್ಣ ಅಸಮರ್ಥನಾದರೆ 16,57,530. ಹೆಬ್ಬೆರಳು ಮಾತ್ರ ಹೋದರೆ ಅದರ ಶೇ. 30, ಅಂದರೆ 4,97,259. ಮಿತಿ ಹತ್ತು ವರ್ಷಕ್ಕೊಮ್ಮೆ ಏರುವಷ್ಟರಲ್ಲಿ ಕೂಲಿಯ ದರ ಅದನ್ನು ಯಾವಾಗಲೋ ದಾಟಿರುತ್ತದೆ; ಈ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿ ಇದು. ಅಪಘಾತದ ದಿನ ಜಾರಿಯಲ್ಲಿದ್ದ ದರವೇ ಅನ್ವಯಿಸುವುದರಿಂದ, ಮೊಕದ್ದಮೆ ನಡೆಯುತ್ತಿರುವಾಗ ಮಿತಿ ಏರಿದರೂ ಪ್ರಯೋಜನವಿಲ್ಲ.

ಪರಿಹಾರ ಸಲ್ಲಬೇಕಾದ್ದು ಅಪಘಾತವಾದ ದಿನವೇ, ಅರ್ಜಿಯನ್ನು ತೀರ್ಮಾನಿಸುವ ಆಯುಕ್ತರು ಆದೇಶ ಮಾಡಿದ ದಿನವಲ್ಲ. ಮೇಲೆ ಹೇಳಿದ ಬಡಗಿಯ ಪ್ರಕರಣದಲ್ಲೇ ಇದು ನಿಶ್ಚಯವಾಗಿ, 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ದೃಢಪಡಿಸಿತು. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಸರಳ ಬಡ್ಡಿ. ವಿಳಂಬಕ್ಕೆ ಸಮರ್ಥನೆಯಿಲ್ಲದಿದ್ದರೆ, ಮಾಲೀಕನ ವಿವರಣೆ ಕೇಳಿದ ಮೇಲೆ, ಮೊತ್ತದ ಅರ್ಧದವರೆಗೆ ದಂಡ. ವಿಮೆಯಿದ್ದಲ್ಲಿ ಪರಿಹಾರ ಮತ್ತು ಬಡ್ಡಿ ಸಾಮಾನ್ಯವಾಗಿ ವಿಮಾ ಕಂಪನಿಯ ಪಾಲು, ದಂಡ ಮಾಲೀಕನದು. ಬಡ್ಡಿಯನ್ನು ಕರಾರಿನಲ್ಲೇ ಹೊರಗಿಟ್ಟ ಪಾಲಿಸಿಗಳೂ ಇವೆ.

ಹಕ್ಕು ಸಾಧಿಸುವ ಕ್ರಮ

ಅಪಘಾತದ ಬಗ್ಗೆ ಮಾಲೀಕನಿಗೆ ಆದಷ್ಟು ಬೇಗ ಲಿಖಿತ ನೋಟಿಸು ಕೊಡಬೇಕು. ಕೆಲಸದ ಜಾಗದಲ್ಲೇ ಸಾವಾದರೆ ಅಥವಾ ಮಾಲೀಕನಿಗೆ ವಿಷಯ ಬೇರೆ ದಾರಿಯಿಂದ ತಿಳಿದಿದ್ದರೆ ನೋಟಿಸಿನ ಕೊರತೆ ಅಡ್ಡಿಯಲ್ಲ. ನೋಟಿಸು ತಲುಪಿದ ಮೂರು ದಿನದೊಳಗೆ ಮಾಲೀಕ ಉಚಿತ ವೈದ್ಯಕೀಯ ಪರೀಕ್ಷೆಗೆ ಕರೆದರೆ ನೌಕರ ಹೋಗಬೇಕು. ಅರ್ಜಿಗೆ 1923ರ ಕಾಯ್ದೆಯಡಿ ಗಡುವು ಅಪಘಾತ ಅಥವಾ ಸಾವಿನಿಂದ ಎರಡು ವರ್ಷ. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸಬಹುದು.

ಅರ್ಜಿ ಸಲ್ಲುವುದು ನೌಕರರ ಪರಿಹಾರ ಆಯುಕ್ತರ ಮುಂದೆ. ಈ ವಿಷಯದಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ಅಧಿಕಾರವಿಲ್ಲ. ಕರ್ನಾಟಕದಲ್ಲಿ ಹಿಂದೆ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಆಯುಕ್ತರಾಗಿದ್ದರು; ಬಳಿಕ ಈ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಯಿತು. ಅರ್ಜಿಗಳು ‘ಇ.ಸಿ.ಎ.’ ಎಂಬ ಸಂಖ್ಯೆಯಲ್ಲಿ ದಾಖಲಾಗುತ್ತವೆ. 1995ರ ತಿದ್ದುಪಡಿಯ ನಂತರ ಅರ್ಜಿಯನ್ನು ಅಪಘಾತವಾದ ಊರಲ್ಲಷ್ಟೇ ಅಲ್ಲ, ಹಕ್ಕುದಾರರು ವಾಸಿಸುವ ಊರಲ್ಲೂ, ಮಾಲೀಕನ ನೋಂದಾಯಿತ ಕಚೇರಿ ಇರುವಲ್ಲೂ ಹಾಕಬಹುದು. ಗುಳೆ ಹೋಗುವ ಜಿಲ್ಲೆಗಳಿಗೆ ಇದು ದೊಡ್ಡ ಅನುಕೂಲ. ಗೋವಾದಲ್ಲೋ ಮುಂಬಯಿಯಲ್ಲೋ ಸಾರುವೆಯಿಂದ ಬಿದ್ದ ಯಾದಗಿರಿಯ ಗಾರೆ ಕೆಲಸಗಾರ ತನ್ನ ಊರಿನ ನ್ಯಾಯಾಲಯದಲ್ಲೇ ಕೇಳಬಹುದು. ಅಪಘಾತವಾದ ಪ್ರದೇಶದ ಆಯುಕ್ತರಿಗೆ ಸೂಚನೆ ಹೋದರೆ ಸಾಕು.

ಪ್ರಕರಣ ನಿಲ್ಲುವುದು, ಬೀಳುವುದು ಕಾಗದಪತ್ರಗಳ ಮೇಲೆ. ಪೊಲೀಸ್ ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಮತ್ತು ಎಕ್ಸ್‌ರೇ, ವಯಸ್ಸಿನ ದಾಖಲೆ, ಹಾಜರಿ ಮತ್ತು ವೇತನದ ದಾಖಲೆ ಮುಖ್ಯವಾದವು. ವಾಹನದ ಪ್ರಕರಣವಾದರೆ ಚಾಲನಾ ಪರವಾನಗಿ, ವಿಮಾ ಪಾಲಿಸಿಯೂ ಬೇಕು. ಎದುರುದಾರರು ಸಾಮಾನ್ಯವಾಗಿ ಎತ್ತುವ ತಕರಾರು ಮೂರು: ಇವನು ನಮ್ಮ ಕೆಲಸಗಾರನೇ ಅಲ್ಲ, ಸಂಬಳ ಇಷ್ಟಿರಲಿಲ್ಲ, ವೈದ್ಯರ ಶೇಕಡಾವಾರು ಹೆಚ್ಚಾಯಿತು. ಮೊದಲನೆಯದು ದಿನಗೂಲಿಯವರಿಗೆ ಕಠಿಣ, ಏಕೆಂದರೆ ಅವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಜೊತೆಗಾರರ ಸಾಕ್ಷ್ಯ, ಮಾಲೀಕ ಪೊಲೀಸರಿಗೆ ಕೊಟ್ಟ ಹೇಳಿಕೆ, ಆಸ್ಪತ್ರೆಗೆ ಸೇರಿಸಿದವರ ಹೆಸರು ಇಲ್ಲಿ ಆಧಾರವಾಗುತ್ತವೆ. ಮೂರನೆಯದು ವೈದ್ಯರ ಪಾಟಿ ಸವಾಲಿನಲ್ಲಿ ತೀರ್ಮಾನವಾಗುತ್ತದೆ. ಚಿಕಿತ್ಸೆ ಕೊಟ್ಟವರಲ್ಲದೆ ಬೇರೆ ವೈದ್ಯರು ಪ್ರಮಾಣಪತ್ರ ಕೊಟ್ಟಿದ್ದರೆ ಅದರ ತೂಕ ಕಡಿಮೆಯಾಗುವುದುಂಟು.

ಸಾವಿನ ಪ್ರಕರಣಗಳಲ್ಲಿ ಮಾಲೀಕ ಹಣವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು. ಅವಲಂಬಿತರ ಕೈಗೆ ನೇರವಾಗಿ ಕೊಟ್ಟದ್ದು, ಮೂರು ತಿಂಗಳ ವೇತನದವರೆಗಿನ ಮುಂಗಡದ ಹೊರತು, ಪರಿಹಾರವೆಂದು ಲೆಕ್ಕಕ್ಕೆ ಬಾರದು. ಸೈಟಿನಲ್ಲೇ ಒಂದಿಷ್ಟು ಹಣ ಕೊಟ್ಟು ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರಾಜಿಗೆ ಆದ್ದರಿಂದ ಕಾನೂನಿನ ಬಲವಿಲ್ಲ. ಗಾಯದ ಪ್ರಕರಣದ ರಾಜಿಯನ್ನೂ ಆಯುಕ್ತರಲ್ಲಿ ನೋಂದಾಯಿಸಬೇಕು. ಮೊತ್ತ ತೀರ ಕಡಿಮೆಯೆನಿಸಿದರೆ ಅವರು ನಿರಾಕರಿಸಬಹುದು. ಆದೇಶವಾದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಸಾಲಗಾರರು ಅದನ್ನು ಜಪ್ತಿ ಮಾಡುವಂತಿಲ್ಲ.

ಅರ್ಜಿಯನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಬೇಕೆಂದು 2009ರ ತಿದ್ದುಪಡಿ ಹೇಳಿತು. ಸಮನ್ಸ್ ಜಾರಿ, ವಿಮಾ ಕಂಪನಿಯ ತಕರಾರು, ವೈದ್ಯರ ಸಾಕ್ಷ್ಯ ಇವುಗಳ ನಡುವೆ ಆ ಅವಧಿ ಕಾಗದದ ಮೇಲೆಯೇ ಉಳಿದಿದೆ.

ಮೇಲ್ಮನವಿ 60 ದಿನದೊಳಗೆ ಹೈಕೋರ್ಟಿಗೆ, ಅದೂ ಗಣನೀಯವಾದ ಕಾನೂನಿನ ಪ್ರಶ್ನೆಯಿದ್ದರೆ ಮಾತ್ರ. ಮಾಲೀಕ ಮೇಲ್ಮನವಿ ಹೋಗುವುದಾದರೆ ಆದೇಶದ ಮೊತ್ತವನ್ನು ಮೊದಲು ಠೇವಣಿ ಇಟ್ಟಿರಬೇಕು. ಕರ್ನಾಟಕದಲ್ಲಿ ಇವು ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ‘ಎಂ.ಎಫ್.ಎ.’ಗಳಾಗಿ ನಡೆಯುತ್ತವೆ. ಸಂಗತಿಗಳ ವಿಷಯದಲ್ಲಿ ಆಯುಕ್ತರ ಮಾತೇ ಕೊನೆಯದು, ಹೈಕೋರ್ಟ್ ಸಾಕ್ಷ್ಯವನ್ನು ಮತ್ತೆ ತೂಗಿ ಶೇಕಡಾವಾರು ಇಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿತು. 2018ರಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಮೇಲ್ಮನವಿಯನ್ನು ವಜಾ ಮಾಡುವಾಗಲೂ ಅದು ಮೇಲ್ಮನವಿಯ ಈ ಮಿತಿಯನ್ನು ನೆನಪಿಸಿತು.

ಪರ್ಯಾಯ ಮಾರ್ಗಗಳು

ಇಎಸ್‌ಐಗೆ ಒಳಪಟ್ಟವರಿಗೆ ಆಯ್ಕೆಯಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ 21,000 ರೂಪಾಯಿ ಮೀರದ ವೇತನದವರು (ಅಂಗವಿಕಲರಿಗೆ 25,000) ವಿಮೆಗೊಳಪಡುತ್ತಾರೆ. 2019ರ ಜುಲೈನಿಂದ ಮಾಲೀಕನ ವಂತಿಗೆ ಶೇ. 3.25, ನೌಕರನದು ಶೇ. 0.75. ಇಲ್ಲಿ ಒಟ್ಟು ಮೊತ್ತದ ಬದಲು ನಿರಂತರ ಪಾವತಿ ದೊರೆಯುತ್ತದೆ. ತಾತ್ಕಾಲಿಕ ಅಸಮರ್ಥತೆಗೆ ವೇತನದ ಶೇ. 90ರ ದರ, ಶಾಶ್ವತ ಅಸಮರ್ಥತೆಗೆ ವೈದ್ಯಕೀಯ ಮಂಡಳಿ ನಿಗದಿಮಾಡಿದ ಶೇಕಡಾವಾರಿನಂತೆ ಜೀವನಪರ್ಯಂತ, ಸಾವಾದರೆ ಅವಲಂಬಿತರಿಗೆ ಮಾಸಿಕ ಪಾವತಿ. ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಉದ್ಯೋಗದ ಗಾಯಕ್ಕಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದ ಅಪಘಾತಕ್ಕೂ ಹಕ್ಕಿದೆ. ಮಾಲೀಕ ವಂತಿಗೆ ಕಟ್ಟದಿದ್ದರೂ ಇಎಸ್‌ಐ ನಿಗಮ ಕೊಟ್ಟು ಅವನಿಂದ ವಸೂಲು ಮಾಡುತ್ತದೆ. ಆದರೆ ಇಎಸ್‌ಐ ಕಾಯ್ದೆಯ 53ನೇ ಕಲಂ ಬೇರೆಲ್ಲ ಪರಿಹಾರವನ್ನು ತಡೆಯುತ್ತದೆ; ಮಾಲೀಕನ ಮೇಲೆ ನಷ್ಟಭರ್ತಿಯ ಸಿವಿಲ್ ದಾವೆಯೂ ಸಲ್ಲದೆಂದು 1997ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ರಸ್ತೆ ಅಪಘಾತದಲ್ಲಿ ನಿಜವಾದ ಆಯ್ಕೆಯಿದೆ. ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅಥವಾ ನೌಕರರ ಪರಿಹಾರ ಆಯುಕ್ತರು, ಎರಡರಲ್ಲೊಂದು. ನ್ಯಾಯಮಂಡಳಿಯಲ್ಲಿ ವೇತನದ ಮಿತಿಯಿಲ್ಲ, ಭವಿಷ್ಯದ ಗಳಿಕೆಯೂ ಲೆಕ್ಕಕ್ಕೆ ಸೇರುತ್ತದೆ, ಮೊತ್ತ ಸಾಮಾನ್ಯವಾಗಿ ದೊಡ್ಡದು. ಆದರೆ ಯಾರದೋ ಅಜಾಗರೂಕತೆ ಸಾಬೀತಾಗಬೇಕು. ಲಾರಿ ತಾನಾಗಿ ಮಗುಚಿ ಚಾಲಕನೇ ಗಾಯಗೊಂಡರೆ ಅಲ್ಲಿ ಅವನಿಗೆ ದಾರಿ ಕಷ್ಟ. ಅಂಥವರಿಗೆ, ಅವರ ಜೊತೆಯ ಕ್ಲೀನರ್‌ಗೆ, ಸರಕಿನ ಮೇಲಿದ್ದ ಹಮಾಲಿಗಳಿಗೆ ನೌಕರರ ಪರಿಹಾರವೇ ಆಸರೆ. ವಾಹನದ ಕಡ್ಡಾಯ ವಿಮೆ ಈ ಕಾಯ್ದೆಯ ಮಟ್ಟಿನ ಹೊಣೆಯನ್ನು ಹೊರುತ್ತದೆ. ಒಮ್ಮೆ ಒಂದು ದಾರಿ ಹಿಡಿದು ಮೊತ್ತ ಪಡೆದ ಮೇಲೆ ಇನ್ನೊಂದಕ್ಕೆ ಹೋಗುವಂತಿಲ್ಲ.

ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಫಲಾನುಭವಿಗಳಿಗೆ ಅಪಘಾತ ನೆರವು ಕೊಡುತ್ತದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ. ಇವು ಕಲ್ಯಾಣ ಯೋಜನೆಗಳು, ಮಾಲೀಕನ ಹೊಣೆಗೆ ಬದಲಿಯಲ್ಲ.

ಇಂದಿನ ಸ್ಥಿತಿ

ಸಾಮಾಜಿಕ ಭದ್ರತಾ ಸಂಹಿತೆ ಒಂಬತ್ತು ಕಾಯ್ದೆಗಳನ್ನು ಒಂದುಗೂಡಿಸಿದೆ. ಇಎಸ್‌ಐ ಅದರ ನಾಲ್ಕನೆಯ ಅಧ್ಯಾಯ, ನೌಕರರ ಪರಿಹಾರ ಏಳನೆಯದು. ಆಯುಕ್ತರ ಜಾಗದಲ್ಲಿ ‘ಸಕ್ಷಮ ಪ್ರಾಧಿಕಾರ’ ಬಂದಿದೆ. ಮನೆಯಿಂದ ಕೆಲಸದ ಜಾಗಕ್ಕೆ ಹೋಗಿಬರುವಾಗಿನ ಅಪಘಾತವನ್ನು ಸಂಹಿತೆ ನೇರವಾಗಿ ಒಳಗೊಳ್ಳುತ್ತದೆ. ತೋಟದ ಮಾಲೀಕ ಒದಗಿಸಿದ ಮನೆ ಕುಸಿದು ಕಾರ್ಮಿಕ ಅಥವಾ ಅವನ ಕುಟುಂಬದವರು ಸತ್ತರೆ, ಗಾಯಗೊಂಡರೆ ಪರಿಹಾರ ಸಲ್ಲಬೇಕೆಂಬ ತೋಟ ಕಾರ್ಮಿಕರ ಕಾಯ್ದೆಯ ನಿಯಮವೂ ಇದರೊಳಗೆ ಬಂದಿದೆ. ಕೊಡಗು, ಚಿಕ್ಕಮಗಳೂರಿನ ಮಳೆಗಾಲಕ್ಕೆ ಇದು ನೇರವಾಗಿ ತಾಗುವ ವಿಷಯ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೇ ಎಂಬ ಹೊಸ ವ್ಯಾಖ್ಯೆಯಿಂದ, ಕಡಿಮೆ ಮೂಲವೇತನ ತೋರಿಸಿ ಪರಿಹಾರ ತಗ್ಗಿಸುವ ದಾರಿ ಕಿರಿದಾಗುತ್ತದೆ. ಹಳೆಯ ಅಪಘಾತಗಳ ಪ್ರಕರಣಗಳು 1923ರ ಕಾಯ್ದೆಯ ಲೆಕ್ಕದಲ್ಲೇ ಮುಂದುವರಿಯುವುದರಿಂದ ನ್ಯಾಯಾಲಯಗಳಲ್ಲಿ ಎರಡೂ ಕಾನೂನುಗಳು ಕೆಲವು ವರ್ಷ ಜೊತೆಯಾಗಿ ಓಡಲಿವೆ.

ಆ್ಯಪ್ ಆಧಾರಿತ ಗಿಗ್ ಕೆಲಸಗಾರರನ್ನು ಸಂಹಿತೆ ಹೆಸರಿಸಿದೆ. ಆದರೆ ಅವರನ್ನು ನೌಕರರೆನ್ನದೆ ಬೇರೆ ವರ್ಗವಾಗಿಟ್ಟು ಯೋಜನೆಗಳ ಮೂಲಕ ರಕ್ಷಣೆ ಕೊಡುವ ಕ್ರಮ ಹಿಡಿದಿದೆ. ಅವರಿಗಾಗಿ ಕರ್ನಾಟಕ 2023ರಲ್ಲಿ 2 ಲಕ್ಷ ರೂಪಾಯಿಯ ಅಪಘಾತ ವಿಮೆ ಮತ್ತು 2 ಲಕ್ಷದ ಜೀವ ವಿಮೆಯ ಯೋಜನೆಯನ್ನು ಘೋಷಿಸಿತು. 2025ರ ರಾಜ್ಯ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ವೇದಿಕೆಗಳಿಂದ ಪಡೆದು ನಿಧಿ ಕಟ್ಟುವ ವ್ಯವಸ್ಥೆ ಮಾಡಿದೆ. ಬೆಂಗಳೂರಿನ ರಸ್ತೆಯಲ್ಲಿ ಊಟ ತಲುಪಿಸುವಾಗ ಬಿದ್ದ ಸವಾರನಿಗೆ ವಿಮೆಯ ಹಣ ಸಿಗಬಹುದು. ವೇತನ, ವಯಸ್ಸು, ಅಸಮರ್ಥತೆಯ ಲೆಕ್ಕದ ಪರಿಹಾರವನ್ನು ಕಂಪನಿಯಿಂದಲೇ ಕೇಳಬೇಕಾದರೆ ಅವನು ಇಂದಿಗೂ ತಾನು ಅದರ ನೌಕರನೆಂಬುದನ್ನು ಮೊದಲು ಸಾಧಿಸಬೇಕು.